ಬಾಯ್ಲರ್ ಸುಟ್ಟದ್ದು ಮ್ಜೇ ಅಲ್ಲ

"ಹೊಸ ಬಾಯ್ಲರನ್ನ ನಮ್ಮ ಕೆಲಸದ ಮುದುಕ ಸುಟ್ಟುಹಾಕ್ದ. ಪಾಪ, ಸೌದೆ ಒಲೆ ಬಿಟ್ರೆ ಬೇರೇನೂ ಗೊತ್ತಿರ್ಲಿಲ್ಲ ಅವನಿಗೆ."

ನೈರೋಬಿಯ ನಮ್ಮ ಮನೆಗೆ ಊಟಕ್ಕೆ ಬಂದವರೆಲ್ಲ ಈ ಕಥೆಯನ್ನು ಒಮ್ಮೆಯಾದರೂ ಕೇಳಿದ್ದಾರೆ. ಅಪ್ಪ ಹೇಳುತ್ತಾರೆ, ಅಮ್ಮ ಹುಳಿ ಬಡಿಸುತ್ತ ತಲೆಯಾಡಿಸುತ್ತಾರೆ, ಬಂದವರು ನಗುತ್ತಾರೆ. ಕೊನೆಗೆ ಯಾರಾದರೊಬ್ಬರು ಎಲೆಯಂಚಿನ ಉಪ್ಪಿನಕಾಯಿ ನೆಕ್ಕಿ, "ಇವರ ಕೈಗೆ ಮೆಷೀನು ಕೊಡಬಾರದು ಸ್ವಾಮಿ" ಎಂದು ತೀರ್ಪು ಕೊಡುತ್ತಾರೆ. ಮಜ್ಜಿಗೆ ಬರುತ್ತದೆ. ಕಲಾಪ ಮುಗಿಯುತ್ತದೆ.

ನಾನು ಶಾಲೆಯ ಚರ್ಚಾ ತಂಡದಲ್ಲಿ ನಾಲ್ಕು ವರ್ಷ ಇದ್ದವಳು. ಅಲ್ಲಿ ನಮಗೆ ಮೊದಲು ಕಲಿಸಿದ್ದು ಇದು: ಎಲ್ಲರೂ ಒಪ್ಪಿ ನಗುವ ಮಾತನ್ನು ಮೊದಲು ಅನುಮಾನಿಸು, ಕಣ್ಣಾರೆ ಕಂಡವರು ಯಾರು ಎಂದು ಕೇಳು. ಸರಿ, ಕೇಳುತ್ತೇನೆ. ಕಂಡವರು ಯಾರು? ಕಥೆಯ ಆ ಮುದುಕ, ನಮ್ಮ ಮ್ಜೇ, ಬಾಯ್ಲರನ್ನು ಮುಟ್ಟಿದ್ದನ್ನು ಕಂಡವರು ಒಬ್ಬರಾದರೂ ಇದ್ದಾರೆಯೇ? ಇಲ್ಲ. ಬೇರೊಬ್ಬರು ಮುಟ್ಟಿದ್ದನ್ನು ಕಂಡವರು ಹನ್ನೆರಡು ಜನ ಇದ್ದರು, ಅವರಲ್ಲಿ ನಾನೂ ಒಬ್ಬಳು.

ಬರೀ ಊಟದ ಹೊತ್ತಿನ ಕಥೆಯಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಆದರೆ ಈ ಕಥೆ ಕಾಗದಕ್ಕೆ ಇಳಿಯಿತು. ನೈರೋಬಿಯಲ್ಲಿ ಮನೆಗೆಲಸ ಕೇಳಿಕೊಂಡು ಗೇಟಿಗೆ ಹೋಗುವವರ ಬಳಿ ಹಿಂದಿನ ಮನೆಯವರು ಬರೆದುಕೊಟ್ಟ ಪತ್ರ ಇರಬೇಕು. ಅದಿಲ್ಲದಿದ್ದರೆ ಗೇಟು ತೆರೆಯುವುದಿಲ್ಲ. ಅದರಲ್ಲಿ ಒಂದೇ ಒಂದು ಕೆಟ್ಟ ಸಾಲಿದ್ದರೆ ತೆರೆದ ಗೇಟೂ ಮುಚ್ಚುತ್ತದೆ. ಮ್ಜೇಗೆ ನಾವು ಕೊಟ್ಟದ್ದು ಅಂಥ ಸಾಲಿದ್ದ ಪತ್ರ. ಅಕ್ಷರ ನನ್ನದು, ಸಹಿ ಅಪ್ಪನದು. ಹಾಗಾಗಿ ಈ ಕಥೆ ಸುಳ್ಳೋ ನಿಜವೋ ಎನ್ನುವುದು ನಮಗೆ ಮಾತಿನ ಚಪಲ ಇರಬಹುದು, ಅವರಿಗೆ ಅದು ಅನ್ನದ ಪ್ರಶ್ನೆ.

ಮ್ಜೇ ಎಂದರೆ ಸ್ವಾಹಿಲಿಯಲ್ಲಿ ಹಿರಿಯರು ಎಂದರ್ಥ. ಅವರ ಹೆಸರು ಬೇರೆ ಇತ್ತು, ನಾವು ಕರೆಯುತ್ತಿದ್ದದ್ದು ಹೀಗೆ. ಹಿರಿಯರು ಎಂದು ಕರೆದು, ಬೆನ್ನ ಹಿಂದೆ 'ಅವನು' ಎನ್ನುವುದು ನಮ್ಮ ಮನೆಯ ಪದ್ಧತಿ. ಕಿಲೆಲೆಶ್ವಾ ಬಡಾವಣೆಯ ನಮ್ಮ ಹಳೆಯ ಬಂಗಲೆಗೆ ನಾವು ಬರುವ ಮೊದಲೇ ಅವರು ಅಲ್ಲಿದ್ದರು. ಹಿತ್ತಲಿನ ಒಂದು ಕೋಣೆಯಲ್ಲಿ ವಾಸ. ತೋಟ, ಗೇಟು, ಎಲ್ಲಕ್ಕಿಂತ ಮುಖ್ಯವಾಗಿ ಹಂಡೆ ಒಲೆ ಅವರ ಜವಾಬ್ದಾರಿ.

ಅದಕ್ಕೆ ಹಂಡೆ ಒಲೆ ಎಂದು ಹೆಸರಿಟ್ಟದ್ದು ಅಪ್ಪನ ತಾಯಿ, ನಮ್ಮ ಅಜ್ಜಿ. ನಿಜದಲ್ಲಿ ಅದು ಅಡುಗೆಮನೆಯ ಹೊರಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ಡ್ರಮ್ಮು. ಕೆಳಗೆ ಇಟ್ಟಿಗೆಯ ಗೂಡು, ಗೂಡಿನಲ್ಲಿ ಸೌದೆ, ಮೇಲೊಂದು ಹೊಗೆ ಕೊಳವೆ. ಊರಿನ ಬಿಳಿಯರ ಕಾಲದ ಮನೆಗಳಲ್ಲೆಲ್ಲ ಇಂಥದ್ದು ಇತ್ತು. ಬೆಳಿಗ್ಗೆ ಐದಕ್ಕೆ ಮ್ಜೇ ಉರಿ ಹಾಕಿದರೆ ಆರೂವರೆಗೆ ಬಚ್ಚಲಿನ ನಲ್ಲಿಯಲ್ಲಿ ಬಿಸಿನೀರು.

ಹಳೆಯದು ಚೆನ್ನಾಗಿತ್ತು, ಹೊಸದು ಬಂದು ಎಲ್ಲ ಕೆಟ್ಟಿತು ಎಂದು ನಾನು ಅಳಲು ಹೊರಟಿಲ್ಲ. ಹಾಗೆಂದುಕೊಂಡವರು ಈಗಲೇ ಎದ್ದು ಹೋಗಬಹುದು. ಆ ಒಲೆ ದರಿದ್ರವಾಗಿತ್ತು. ಕೈಗಾಡಿಗಟ್ಟಲೆ ಸೌದೆ ತಿಂದು ಬಕೆಟ್ ಲೆಕ್ಕದಲ್ಲಿ ನೀರು ಕಾಯಿಸುತ್ತಿತ್ತು. ಡ್ರಮ್ಮಿನೊಳಗೆ ತುಕ್ಕು ಹಿಡಿದು ನೀರು ಒಮ್ಮೊಮ್ಮೆ ಚಹಾದ ಬಣ್ಣಕ್ಕೆ ಬರುತ್ತಿತ್ತು. ಗಾಳಿ ತಿರುಗಿದರೆ ಹೊಗೆಯೆಲ್ಲ ಒಗೆದು ಹಾಕಿದ ಬಟ್ಟೆಗೆ. ಮ್ಜೇಯ ಕಣ್ಣು ಸದಾ ಕೆಂಪು. ಅವರೇ ಹೇಳುತ್ತಿದ್ದರು, "ಈ ಹಸು ಬಹಳ ತಿನ್ನುತ್ತೆ, ಹಾಲು ಮಾತ್ರ ಒಂದು ಲೋಟ."

ಹೊಸ ಬಾಯ್ಲರ್ ತರಿಸಬೇಕೆಂದು ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ವಾದಿಸಿದವಳು ನಾನೇ. ಆ ತಿಂಗಳು ಶಾಲೆಯಲ್ಲಿ ಸಂಪ್ರದಾಯ ಪ್ರಗತಿಯ ಶತ್ರು ಎಂಬ ವಿಷಯದ ಪರ ಮಾತಾಡಿ ಗೆದ್ದಿದ್ದೆ. ಗೆದ್ದ ಬಿಸಿ ಆರಿರಲಿಲ್ಲ. ಊಟದ ಮೇಜಿನ ಮೇಲೆ ಮರ, ಹೊಗೆ, ಶ್ವಾಸಕೋಶ, ಮ್ಜೇಯ ಕಣ್ಣು ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಅಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಕೈಯಲ್ಲಿದ್ದ ಚಪಾತಿಯನ್ನು ತಟ್ಟೆಗಿಟ್ಟು, "ಕೇಳೇ, ನಿನ್ನ ಮಗಳು ಹೇಳ್ತಿರೋದು ಸರಿಯಾಗಿದೆ. ಆ ಒಲೆ ಕಾಯಿಸ್ತಿರೋದು ನೀರನ್ನಲ್ಲ, ಆಕಾಶಾನ" ಎಂದು ಅಮ್ಮನಿಗೆ ಹೇಳಿದರು.

"ಹಾಗಾದ್ರೆ ಮ್ಜೇಗೆ ಏನು ಕೆಲಸ?" ಎಂದು ಅಮ್ಮ ಕೇಳಿದರು.

"ತೋಟ ಇಲ್ವಾ? ಗೇಟು ಇಲ್ವಾ? ಒಲೆ ಹೋದ್ರೆ ಅವನಿಗೆ ಆರಾಮ."

ಮರುದಿನ ಅಪ್ಪ ಇದನ್ನೇ ಮ್ಜೇಗೂ ಹೇಳಿದರು, ಸ್ವಾಹಿಲಿಯಲ್ಲಿ, ನನ್ನೆದುರಿಗೆ. ಕೆಲಸ ಹೋಗುವುದಿಲ್ಲ, ಕೋಣೆಯೂ ಹೋಗುವುದಿಲ್ಲ. ಮ್ಜೇ ಎರಡೂ ಕೈಯಿಂದ ಅಪ್ಪನ ಕೈ ಹಿಡಿದು ಅಸಾಂಟೆ, ಉಪಕಾರವಾಯಿತು, ಅಂದರು. ಆಮೇಲೆ ಒಲೆಯ ಗೂಡಿಗೆ ಕಾಲಿನಿಂದ ಮೆಲ್ಲಗೆ ಒದ್ದರು.

ಹರ್ಲಿಂಗ್‌ಹ್ಯಾಮಿನ ಅಂಗಡಿಯಿಂದ ಬಾಯ್ಲರ್ ಬಂತು. ಬಿಳಿ ಬಣ್ಣದ ದುಂಡನೆಯ ಸಿಲಿಂಡರ್, ಹೊಟ್ಟೆಯ ಮೇಲೆ ಹುರುಳಿಕಾಳಿನಷ್ಟು ಕೆಂಪು ದೀಪ. ಕೂರಿಸಲು ಬಂದ ಫುಂಡಿ, ಅಂದರೆ ಮಿಸ್ತ್ರಿ, ಹಳೆಯ ಡ್ರಮ್ಮನ್ನು ಕಿತ್ತುಹಾಕಿ, ಬಚ್ಚಲುಮನೆಯ ಗೋಡೆಗೆ ಬಾಯ್ಲರನ್ನು ಬಿಗಿದು, ಮಾಡಿನ ಮೇಲಿನ ಟ್ಯಾಂಕಿನಿಂದ ಪೈಪು ಎಳೆದ. ಹೋಗುವ ಮುನ್ನ ಅಪ್ಪನನ್ನು ಕರೆದು ಒಂದೇ ಮಾತು ಹೇಳಿದ: ಒಳಗೆ ನೀರು ತುಂಬಿದೆ ಎಂದು ಖಾತ್ರಿಯಾಗದೆ ಸ್ವಿಚ್ ಹಾಕಬೇಡಿ, ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ಅಪ್ಪ ನಕ್ಕು, "ನಾನು ಫಿಸಿಕ್ಸ್ ಪಾಠ ಮಾಡೋನು ಕಣಯ್ಯ" ಅಂದರು. ಫುಂಡಿಗೆ ಕನ್ನಡ ತಿಳಿಯಲಿಲ್ಲ. ಅವನೂ ನಕ್ಕ.

ಎಲ್ಲರೂ ಮಿಂದೆವು, ಅಜ್ಜಿ ಮೀಯಲಿಲ್ಲ. ಇನ್ನು ಎಂಟು ದಿನಕ್ಕೆ ದೀಪಾವಳಿ. ನೀರು ತುಂಬುವ ಹಬ್ಬ ಆಗದೆ ಹೊಸ ಹಂಡೆಯ ನೀರು ಮೈಗೆ ಹಾಕಿಕೊಳ್ಳುವುದಿಲ್ಲ ಎಂದು ಕೂತರು. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ಖಾಲಿ ಮಾಡಿ, ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಬಳ್ಳಿ ಕಟ್ಟಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಮರುದಿನ ಬೆಳಗಾಗುವ ಮೊದಲು ಆ ನೀರಿನಲ್ಲಿ ಎಣ್ಣೆಸ್ನಾನ. ಮೈಸೂರಿನಲ್ಲಿ ತಾಮ್ರದ ಹಂಡೆಗೆ ಮಾಡುತ್ತಿದ್ದದ್ದನ್ನು ಅಜ್ಜಿ ಇಲ್ಲಿ ತುಕ್ಕಿನ ಡ್ರಮ್ಮಿಗೂ ಬಿಡದೆ ಮಾಡಿದ್ದರು. ಇನ್ನು ಬಿಳಿ ಸಿಲಿಂಡರನ್ನು ಬಿಡುತ್ತಾರೆಯೇ?

"ಇದು ಹಂಡೆ ಅಲ್ಲ ಅಜ್ಜಿ. ಮೆಷೀನು" ಅಂದೆ.

"ನೀರು ಕಾಯತ್ತಾ?"

"ಕಾಯತ್ತೆ."

"ಮತ್ತೆ? ಹಂಡೇನೇ. ನಿನ್ನ ಡಿಬೇಟು ಶಾಲೇಲಿ ಇಟ್ಕೋ."

ಹಬ್ಬದ ವಾರ ನಗರದ ನೀರು ಮೂರು ದಿನದಿಂದ ಬಂದಿರಲಿಲ್ಲ. ಇದ್ದದ್ದು ಟ್ಯಾಂಕಿನ ನೀರು ಮಾತ್ರ. ಅದರಲ್ಲೇ ಅಮ್ಮ ಮನೆ ತೊಳೆಸಿದರು. ಪರದೆ ಒಗೆಸಿದರು, ವರಾಂಡ ತಿಕ್ಕಿಸಿದರು, ಹುಣಸೆಹಣ್ಣು ಹಾಕಿ ತಾಮ್ರ ಹಿತ್ತಾಳೆಯನ್ನೆಲ್ಲ ಬೆಳಗಿಸಿದರು. ಮಾಡಿದವರು ಮ್ಜೇ, ಮಾಡಿಸಿದವರು ಅಮ್ಮ. ಮಧ್ಯಾಹ್ನ ಮ್ಜೇ, "ಮಾಮಾ, ನೀರು ಸ್ವಲ್ಪ ಉಳಿಸೋಣವಾ?" ಎಂದು ಅಮ್ಮನನ್ನು ಕೇಳಿದರು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. "ಹಬ್ಬದ ಹಿಂದಿನ ದಿನ ಮನೆ ತೊಳೀದೆ ಇರಕ್ಕಾಗತ್ತಾ?" ಎಂದು ಅಮ್ಮ ನನಗೆ ಹೇಳಿದರು. ಅದನ್ನು ಸ್ವಾಹಿಲಿಗೆ ತಿರುಗಿಸಿ ಮ್ಜೇಗೆ ಹೇಳಿದವಳು ನಾನು. ಟ್ಯಾಂಕ್ ಖಾಲಿ ಮಾಡಿದ್ದು ಮ್ಜೇ ಎನ್ನುವವರು ಈ ಭಾಗವನ್ನು ಯಾಕೆ ನುಂಗುತ್ತಾರೆ?

ಸಂಜೆ ನಮ್ಮ ಕಡೆಯ ಮೂರು ಕುಟುಂಬಗಳು ಬಂದವು. ಈ ಊರಿನಲ್ಲಿ ಡಾಕ್ಟರುಗಳಿಗೆ ಬರವಿಲ್ಲ, ಅಜ್ಜಿಯರಿಗೆ ಬರ. ಹಾಗಾಗಿ ನಮ್ಮ ಅಜ್ಜಿ ಎಲ್ಲರಿಗೂ ಅಜ್ಜಿ. ಹರ್ಲಿಂಗ್‌ಹ್ಯಾಮಿನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ಮಂಗಳೂರಿನ ಅಂಕಲ್ ಕೂಡ ಬಂದಿದ್ದರು. ಅವರು ಕ್ರಿಶ್ಚಿಯನ್ನರು. "ನರಕಾಸುರನ ಪರಿಚಯ ನನಗಿಲ್ಲ ಅಜ್ಜೀ, ನಿಮ್ಮ ದೋಸೆಯ ಪರಿಚಯ ಉಂಟು" ಎಂದು ಪ್ರತಿ ವರ್ಷ ಅದೇ ಮಾತು ಹೇಳಿಕೊಂಡೇ ಒಳಗೆ ಬರುತ್ತಿದ್ದರು.

ಬಚ್ಚಲುಮನೆಯ ಬಾಗಿಲಲ್ಲಿ ಹನ್ನೆರಡು ಜನ ಒತ್ತಿ ನಿಂತಿದ್ದೆವು. ಅಪ್ಪ ಅದಾಗಲೇ ಕೆಳಗಿನ ತಿರುಪು ಬಿಚ್ಚಿ ಬಾಯ್ಲರನ್ನು ಪೂರ್ತಿ ಖಾಲಿ ಮಾಡಿ, ಮೇಲಿನ ಪೈಪಿನ ವಾಲ್ವ್ ಮುಚ್ಚಿಟ್ಟಿದ್ದರು. ಪೂಜೆಯ ಹೊತ್ತಿಗೆ ಅಜ್ಜಿ ವಾಲ್ವ್ ತಿರುಗಿಸುವುದು, ನೀರು ತುಂಬುವುದು, ಅಪ್ಪ ಸ್ವಿಚ್ ಹಾಕುವುದು, ಮಂಗಳಾರತಿ ಆಗುವುದು: ಇದು ಅಪ್ಪನೇ ಹೆಣೆದ ಕಾರ್ಯಕ್ರಮ. ಸಿಲಿಂಡರಿಗೆ ಕೆಮ್ಮಣ್ಣಿನ ಪಟ್ಟೆ ಬಳಿದಿತ್ತು, ನೈರೋಬಿಯಲ್ಲಿ ಅದಕ್ಕೇನು ಕಡಿಮೆ! ಹಿಂಡಲೆಕಾಯಿ ಬಳ್ಳಿ ಸಿಗದೆ ಅಜ್ಜಿ ಬೇಲಿಯ ಪ್ಯಾಷನ್ ಹಣ್ಣಿನ ಬಳ್ಳಿ ಸುತ್ತಿದ್ದರು.

ಆಗ ಮ್ಜೇ ಹಿತ್ತಲ ಬಾಗಿಲಿಂದ ಬಂದರು. ಏಣಿ ಹತ್ತಿ ಟ್ಯಾಂಕ್ ನೋಡಿ ಇಳಿದಿದ್ದರು. ಮೊಣಕಾಲಿಗೆಲ್ಲ ಪಾಚಿ. ಜನರ ಹಿಂದೆ ನಿಂತು, ಟ್ಯಾಂಕಿನಲ್ಲಿ ನೀರಿಲ್ಲ, ತಳ ಕಾಣುತ್ತಿದೆ ಎಂದು ನನಗೆ ಸ್ಪಷ್ಟವಾಗಿ ಹೇಳಿದರು. ಎರಡು ಸಲ ಹೇಳಿದರು.

ಅಜ್ಜಿ ಕುಂಕುಮದ ಬೆರಳನ್ನು ಗಾಳಿಯಲ್ಲಿ ನಿಲ್ಲಿಸಿ, "ಏನಂತೆ ಅವನದು?" ಅಂದರು.

"ನೀರು ಇಲ್ಲವಂತೆ ಅಜ್ಜಿ. ಟ್ಯಾಂಕ್ ಪೂರ್ತಿ ಖಾಲಿಯಂತೆ."

"ಅಯ್ಯೋ ನಿನ್ನ! ನೀರು ತುಂಬೋ ಹೊತ್ತಲ್ಲಿ ಇಲ್ಲ ಅಂತೀಯಲ್ಲೇ! ಬಿಡ್ತು ಅನ್ನು!"

"ಅಜ್ಜಿ, ನಿಜವಾಗ್ಲೂ..."

"ಮೊದಲು ಬಿಡ್ತು ಅನ್ನು! ಹಬ್ಬದ ದಿನ ಎಂಥ ಮಾತು!"

ನಮ್ಮ ಮನೆಯಲ್ಲಿ ಡಬ್ಬಿಯ ಅಕ್ಕಿ ಮುಗಿದರೆ ಮುಗಿಯಿತು ಎನ್ನುವಂತಿಲ್ಲ, ಅಕ್ಕಿ ಹೆಚ್ಚಿದೆ ಎನ್ನಬೇಕು. ದೀಪ ಆರಿತು ಎನ್ನುವಂತಿಲ್ಲ. ಅಮಂಗಳದ ಮಾತು ಬಾಯಿ ತಪ್ಪಿ ಬಂದರೆ ಕೂಡಲೇ ಬಿಡ್ತು ಎಂದು ಅದನ್ನು ಕಳೆಯಬೇಕು. ಹಾಗೆ ಕಳೆದ ಮೇಲೆ ಅದನ್ನು ಮತ್ತೆ ಎತ್ತುವ ಪದ್ಧತಿ ಇಲ್ಲ. ಇದನ್ನೆಲ್ಲ ನಾನು ಒಂದು ಕಾಲದಲ್ಲಿ ಗೇಲಿ ಮಾಡಿದ್ದೇನೆ. ಆದರೆ ಅಷ್ಟೂ ಜನ ತಿರುಗಿ ನನ್ನನ್ನೇ ನೋಡುತ್ತಿದ್ದಾಗ, ಕಪ್ ಗೆದ್ದ ಚರ್ಚಾಪಟು ಏನು ಮಾಡಿದಳು?

"ಬಿಡ್ತು" ಅಂದೆ.

ಅಪ್ಪ ನನ್ನ ಪಕ್ಕದಲ್ಲೇ ಇದ್ದರು. ಕೇಳಿಸಲಿಲ್ಲ ಎಂದು ಆಮೇಲೆ ಹೇಳುತ್ತಿದ್ದರು. ಕೇಳಿಸಿತ್ತು. ಯಾಕೆಂದರೆ ಅವರು ಆಗ ತಗ್ಗಿದ ದನಿಯಲ್ಲಿ ಹೀಗೆಂದರು: "ಪೈಪಲ್ಲಿ ಉಳಿದಿರತ್ತೆ ಬಿಡು, ಅಷ್ಟು ಸಾಕು." ಕೇಳಿಸದ ಮಾತಿಗೆ ಯಾರಾದರೂ ಉತ್ತರ ಕೊಡುತ್ತಾರೆಯೇ?

ಅಜ್ಜಿ ವಾಲ್ವ್ ತಿರುಗಿಸಿದರು. ಶಾಸ್ತ್ರಕ್ಕೆಂದು ಬೆಳ್ಳಿ ಚೊಂಬಿನ ನೀರನ್ನು ಸಿಲಿಂಡರಿನ ನೆತ್ತಿಗೆ ಎರೆದರು. ಅದು ಪಟ್ಟೆಗಳ ಮೇಲೆ ಇಳಿದು ಕೆಂಪಾಗಿ ನೆಲಕ್ಕೆ ಹರಿಯಿತು. ವಾಲ್ವ್ ತಿರುಗಿಸಿದ ಮೇಲೆ ಇಡೀ ಬಚ್ಚಲುಮನೆಯಲ್ಲಿ ಹರಿದ ನೀರು ಅದೊಂದೇ. ಅಪ್ಪ ಎಲ್ಲರಿಗೂ ಕಾಣುವಂತೆ ಪಕ್ಕಕ್ಕೆ ಸರಿದು ಸ್ವಿಚ್ ಒತ್ತಿದರು. ಕೆಂಪು ದೀಪ ಹೊತ್ತಿತು. ಅಜ್ಜಿ ಕೈ ಮುಗಿದು, "ಒಲೆ ಹೊತ್ತಿತಪ್ಪಾ" ಅಂದರು. ಆರತಿ ಆಯಿತು. ಮಂಗಳೂರಿನ ಅಂಕಲ್, "ಹೊಗೆಯೇ ಇಲ್ಲ ಮಾರಾಯ್ರೇ, ಇದು ಎಂಥ ಒಲೆ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಜೇ ತಟ್ಟಲಿಲ್ಲ. ಅವರು ನನ್ನ ಮುಖ ನೋಡುತ್ತಿದ್ದರು.

ಬಂದವರೆಲ್ಲ ರಾತ್ರಿ ನಮ್ಮಲ್ಲೇ ತಂಗಿದ್ದರು. ಬೆಳಿಗ್ಗೆ ಐದೂವರೆಗೆ ಅದೇ ಹನ್ನೆರಡು ಜನ ವರಾಂಡದಲ್ಲಿ ಸಾಲಾಗಿ ಮಣೆಯ ಮೇಲೆ ಕೂತಿದ್ದೆವು. ಅಜ್ಜಿ ಒಬ್ಬೊಬ್ಬರ ನೆತ್ತಿಗೂ ಎಣ್ಣೆ ತಟ್ಟಿ ಆಶೀರ್ವಾದ ಮಾಡಿದ್ದಾಗಿತ್ತು. ಇರುಳೆಲ್ಲ ಮಳೆ ಸುರಿದು ಗಾಳಿ ಕೊರೆಯುತ್ತಿತ್ತು. ಮೊದಲು ಸ್ನಾನಕ್ಕೆ ಹೋದ ಮಂಗಳೂರಿನ ಅಂಕಲ್ ಟವೆಲ್ ಸುತ್ತಿಕೊಂಡು, ಮೈಯೆಲ್ಲ ಮಿರಮಿರ ಹೊಳೆಯುತ್ತ ಹಾಗೇ ವಾಪಸ್ ಬಂದರು.

"ಅಜ್ಜೀ, ನಿಮ್ಮ ಹಂಡೆಗೆ ಎಂತ ಆಗಿದೆ? ನೀರೂ ಇಲ್ಲ, ಬಿಸಿಯೂ ಇಲ್ಲ. ಸುಟ್ಟ ವಾಸನೆ ಮಾತ್ರ ಉಂಟು."

ಅಪ್ಪ ಓಡಿದರು. ಸ್ವಿಚ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಎಣ್ಣೆ ಮೆತ್ತಿಕೊಂಡ ನಾವೆಲ್ಲ ಚಳಿಗೆ ತೋಳು ಉಜ್ಜಿಕೊಳ್ಳುತ್ತ ಒಬ್ಬರನ್ನೊಬ್ಬರು ನೋಡಿದೆವು. ಅಮ್ಮ ಅಳುವುದೊಂದು ಬಾಕಿ.

ಆ ಹಬ್ಬವನ್ನು ಉಳಿಸಿದವರು ಯಾರು? ಇದು ಊಟದ ಹೊತ್ತಿನ ಕಥೆಯಲ್ಲಿ ಬರುವುದೇ ಇಲ್ಲ. ಮ್ಜೇ ಯಾರನ್ನೂ ಕೇಳದೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಒಲೆಗೆಂದು ಒಟ್ಟಿದ್ದ ಸೌದೆಯಲ್ಲಿ ಉರಿ ಎಬ್ಬಿಸಿದರು. ಸೂರಿನ ಕೆಳಗಿನ ಪೀಪಾಯಿಗಳು ಮಳೆನೀರಿನಿಂದ ತುಂಬಿದ್ದವು. ಎಣ್ಣೆ ತಗಡಿನ ಎರಡು ದೊಡ್ಡ ಡಬ್ಬಿಗಳಲ್ಲಿ ನೀರು ಕಾಯಿಸಿ, ಬಕೆಟಿಗೆ ಬಗ್ಗಿಸಿ, ಒಂದೊಂದಾಗಿ ಬಚ್ಚಲಿಗೆ ಹೊತ್ತರು. ಹನ್ನೆರಡು ಜನ ಮಿಂದೆವು. ಅಜ್ಜಿ ಕೊನೆಗೆ ಮಿಂದು ಬಂದು, ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತ ಮ್ಜೇಗೆ ಕನ್ನಡದಲ್ಲೇ, "ನಿನ್ನ ಹೊಟ್ಟೆ ತಣ್ಣಗಿರಲಪ್ಪ" ಅಂದರು. ಮ್ಜೇಗೆ ಮಾತು ಗೊತ್ತಾಗಲಿಲ್ಲ, ದನಿ ಗೊತ್ತಾಯಿತು. ತಲೆ ಬಾಗಿಸಿದರು.

ಇದಾಗಿ ಅರ್ಧ ಗಂಟೆಯಲ್ಲಿ, ದೋಸೆ ತಿನ್ನುತ್ತ, ಅಂಕಲ್ ಕೇಳಿದರು: "ಅಲ್ಲ ಪ್ರೊಫೆಸರ್ರೇ, ಹೊಸ ಬಾಯ್ಲರಿಗೆ ಎಂತ ಆದದ್ದು?"

ಅಪ್ಪ ಚಟ್ನಿಯಲ್ಲಿ ದೋಸೆ ಅದ್ದಿದರು. ಯೋಚಿಸಲು ಬೇಕಾದ ಸಮಯಕ್ಕಿಂತ ತುಸು ಜಾಸ್ತಿ ಅದ್ದಿದರು. "ಮ್ಜೇ ಟ್ಯಾಂಕ್ ಖಾಲಿ ಮಾಡಿಟ್ಟಿದ್ದಾನೆ. ನಮಗೊಂದು ಮಾತು ಹೇಳೋದಲ್ವಾ? ಹೇಳಲೇ ಇಲ್ಲ."

ಹೇಳಲೇ ಇಲ್ಲ! ಹಿತ್ತಲಲ್ಲಿ ಆ ಮನುಷ್ಯ ಡಬ್ಬಿ ತೊಳೆಯುವ ಸದ್ದು ನಮಗೆ ಕೇಳುತ್ತಿತ್ತು. ನಾನು ಬಾಯಿ ತುಂಬ ದೋಸೆ ಇಟ್ಟುಕೊಂಡು ಕೂತಿದ್ದೆ. ನುಂಗಿದ ಮೇಲಾದರೂ ಹೇಳಬಹುದಿತ್ತು. ಆಗ ಯಾರೋ ಮೆಷೀನಿನ ಮಾತು ಎತ್ತಿ ನಕ್ಕರು. ನಗು ಹರಡಿತು. ಆ ಹೊತ್ತಿಗೆ ಸತ್ಯ ಹೇಳಿದರೆ ಅಪ್ಪನನ್ನು ಎಲ್ಲರೆದುರು ಸುಳ್ಳ ಎಂದಂತಾಗುತ್ತಿತ್ತು. ಈ ನೆಪ ಎಷ್ಟು ಚೆನ್ನಾಗಿದೆ ನೋಡಿ. ಎದುರು ಪಕ್ಷದವರು ತಂದಿದ್ದರೆ ಒಂದೇ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ.

ಎರಡು ದಿನ ಬಿಟ್ಟು ಫುಂಡಿ ಬಂದು ಬಾಯ್ಲರ್ ಬಿಚ್ಚಿದ. ಕಪ್ಪಾಗಿ ಸೀಳಿದ್ದ ಕಾಯಿಲನ್ನು ಅಪ್ಪನ ಕೈಗಿಟ್ಟು, ನೀರಿಲ್ಲದೆ ಸ್ವಿಚ್ ಹಾಕಿದ್ದೀರಿ ಅಂದ. ಹಾಕಿದ್ದೀರಿ ಎಂದು ನೇರ ಅಪ್ಪನಿಗೇ ಹೇಳಿದ. ಅಪ್ಪ ಬಾಯ್ಲರಿನ ಕಂಪನಿಯನ್ನು ಬೈದು ಹೊಸ ಕಾಯಿಲ್ ಹಾಕಿಸಿದರು.

ಆಮೇಲೆ ಆದದ್ದು ಬಹಳ ಸರಳ. ತಾನು ತಪ್ಪು ಹೊರಿಸಿದ ಮನುಷ್ಯನನ್ನು ದಿನಾ ಬೆಳಿಗ್ಗೆ ಗೇಟಿನಲ್ಲಿ ನೋಡುವುದು ಅಪ್ಪನಿಗೆ ಕಷ್ಟವಾಯಿತು ಎಂಬುದು ನನ್ನ ಊಹೆ. ಊಹೆಯನ್ನು ಸಾಕ್ಷಿ ಎನ್ನಲಾರೆ. ಆದದ್ದು ಇಷ್ಟು: ಒಲೆ ಹೇಗೂ ಇಲ್ಲ, ಅವನಿಗೂ ವಯಸ್ಸಾಯಿತು, ತೋಟಕ್ಕೆ ವಾರಕ್ಕೊಮ್ಮೆ ಯಾರಾದರೂ ಬಂದರೆ ಸಾಕು ಎಂದು ಮನೆಯಲ್ಲಿ ಮಾತು ಶುರುವಾಯಿತು. ಕ್ರಿಸ್ಮಸ್ಸಿಗೆ ಊರಿಗೆ ಹೋಗುವಾಗ ಪೂರ್ತಿ ಹೋಗಿಬಿಡು ಎಂದು ಮ್ಜೇಗೆ ಹೇಳಿದರು. ಕೆಲಸ ಹೋಗುವುದಿಲ್ಲ, ಕೋಣೆ ಹೋಗುವುದಿಲ್ಲ ಎಂದು ಕೈ ಹಿಡಿಸಿಕೊಂಡದ್ದು ಎರಡೂವರೆ ತಿಂಗಳ ಹಿಂದೆ.

ಮ್ಜೇ ಜಗಳ ಮಾಡಲಿಲ್ಲ. ಪತ್ರ ಒಂದನ್ನು ಮಾತ್ರ ಕೇಳಿದರು.

ಮನೆಯಲ್ಲಿ ಇಂಗ್ಲಿಷ್ ಅಕ್ಷರ ಚೆನ್ನಾಗಿದ್ದದ್ದು ನನ್ನದು. ಅಪ್ಪ ಹೇಳುತ್ತ ಹೋದರು, ನಾನು ಬರೆದೆ. ಇವರು ಪ್ರಾಮಾಣಿಕರು, ಕುಡಿಯುವುದಿಲ್ಲ, ಕಷ್ಟಪಟ್ಟು ದುಡಿಯುತ್ತಾರೆ. ಆಮೇಲೆ, "ಹೊಸ ಕಾಲದ ಯಂತ್ರಗಳನ್ನು ಇವರ ಕೈಗೆ ಕೊಡುವಂತಿಲ್ಲ ಅಂತ ಬರಿ" ಅಂದರು.

ಪೆನ್ನು ನಿಲ್ಲಿಸಿದೆ. "ಅಪ್ಪ, ಅದು ಬೇಕಾ?"

"ನಾಳೆ ಯಾರದ್ದೋ ಮನೇಲಿ ಇನ್ನೇನೋ ಸುಟ್ರೆ? ನನ್ನ ಸಹಿ ಇರತ್ತಲ್ವಾ?"

"ಕೊಡುವಂತಿಲ್ಲ ಅಂತ ಬೇಡ. ಯಂತ್ರಗಳ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ ಅಂತ ಬರೀತೀನಿ. ಮೃದುವಾಗಿರತ್ತೆ."

"ಬರಿ, ಬರಿ. ನಿನ್ನ ಇಂಗ್ಲಿಷೇ ಚೆನ್ನಾಗಿದೆ."

ಒಂದು ಮಾತನ್ನು ಮೆತ್ತಗೆ ಮಾಡಿ, ಗೆದ್ದೆ ಎಂದುಕೊಂಡೆ. ಸುಳ್ಳನ್ನು ಇಸ್ತ್ರಿ ಮಾಡಿಕೊಟ್ಟದ್ದು ಎಂದು ಹೊಳೆಯಲಿಲ್ಲ. ನಾನು ಯಾರ ಮೇಲೆಲ್ಲ ಸಿಟ್ಟಾಗಿದ್ದೇನೋ ಆ ಪಟ್ಟಿಯಲ್ಲಿ ಅಂದು ಪೆನ್ನು ಹಿಡಿದಿದ್ದ ಹುಡುಗಿಯೂ ಇದ್ದಾಳೆ, ಮೇಲಿನ ಸಾಲಿನಲ್ಲೇ.

ಮುಂದಿನ ಜುಲೈ. ನೈರೋಬಿಯಲ್ಲಿ ಸೂರ್ಯ ರಜೆ ಹಾಕುವ ತಿಂಗಳು. ಒಂದು ಶನಿವಾರ ಮಧ್ಯಾಹ್ನ ಗೇಟಿನ ಸದ್ದಾಯಿತು. ಮ್ಜೇ ನಿಂತಿದ್ದರು. ಅಪ್ಪನ ಹಳೆಯ ಕೋಟು ಅವರ ಹೆಗಲಿನಿಂದ ಜಾರುವಷ್ಟು ಇಳಿದಿದ್ದರು. ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಗೇಟಿನ ಕಂಬಿಗಳ ನಡುವೆ ಚಾಚಿದರು.

"ಇದರಲ್ಲಿ ಏನು ಬರೆದಿದೆ, ಓದು" ಅಂದರು. "ರುಂಡಾದಲ್ಲಿ ಆರು ಮನೆಗೆ ಹೋದೆ. ಮೊದಲು ನಗುತ್ತಾರೆ, ಕೂರು ಅನ್ನುತ್ತಾರೆ. ಇದನ್ನು ಓದುತ್ತಾರೆ. ಆಮೇಲೆ ಕೆಲಸ ಇಲ್ಲ ಅನ್ನುತ್ತಾರೆ. ಇದು ಎಂಥ ಕಾಗದ? ಮಾಟ ಮಾಡಿಸಿದ್ದೀರಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ರುಂಡಾ ಸಿರಿವಂತರ ಬಡಾವಣೆ, ಅಲ್ಲಿ ಗೇಟೂ ಮೆಷೀನು, ಹುಲ್ಲು ಕತ್ತರಿಸುವುದೂ ಮೆಷೀನು. ಆ ಒಂದು ಸಾಲು ಓದಿದವರು ಇನ್ನೇನು ಮಾಡುತ್ತಾರೆ? ನಾನು ಪೂರ್ತಿ ಓದಿದೆ, ಪೂರ್ತಿ ಸ್ವಾಹಿಲಿಯಲ್ಲಿ ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ, ಏನನ್ನೂ ಮೆತ್ತಗೆ ಮಾಡಲಿಲ್ಲ.

ಅವರು ಕಾಗದವನ್ನು ವಾಪಸ್ ತೆಗೆದುಕೊಂಡು ಮತ್ತೆ ನಾಲ್ಕು ಮಡಿಕೆ ಮಾಡಿದರು. ಆಮೇಲೆ ಕೇಳಿದರು. "ಆ ಸಂಜೆ ನೀರಿಲ್ಲ ಅಂತ ನಿನಗೆ ಹೇಳಿದೆ. ನೀನು ಅವರಿಗೆ ಹೇಳಿದೆಯಾ?"

"ಹೇಳಿದೆ."

"ಹಾಗಾದರೆ?"

ಬಿಡ್ತು ಎಂಬುದನ್ನು ಸ್ವಾಹಿಲಿಯಲ್ಲಿ ಹೇಗೆ ಹೇಳುವುದು? ಹೇಳಿದೆ, ಆದರೆ ಹೇಳಿದ್ದನ್ನು ವಾಪಸ್ ತೆಗೆದುಕೊಂಡೆ, ಹಬ್ಬದ ದಿನ ಇಲ್ಲ ಎನ್ನಬಾರದು ಎಂದು. ಇದನ್ನು ಯಾವ ಭಾಷೆಯಲ್ಲಿ ಹೇಳಿದರೆ ಮಾನ ಉಳಿಯುತ್ತದೆ? "ಇಲ್ಲೇ ಇರಿ, ಬಂದೆ" ಎಂದು ಒಳಗೆ ಓಡಿದೆ.

ಹೊಸ ಕಾಗದದ ಮೇಲೆ ಅಪ್ಪನ ಹೆಸರಿನಲ್ಲಿ ಹೊಸ ಪತ್ರ ಬರೆದೆ. ಪ್ರಾಮಾಣಿಕರು, ಕುಡಿಯುವುದಿಲ್ಲ, ಕಷ್ಟಪಟ್ಟು ದುಡಿಯುತ್ತಾರೆ, ಅಷ್ಟನ್ನು ಹಾಗೇ ಇಟ್ಟೆ. ಕೊನೆಗೆ ಬರೆದೆ: ಮೊದಲ ಪತ್ರದಲ್ಲಿ ಯಂತ್ರಗಳ ಬಗ್ಗೆ ಇದ್ದ ಮಾತು ತಪ್ಪು. ನಮ್ಮ ಬಾಯ್ಲರ್ ಇವರಿಂದ ಕೆಡಲಿಲ್ಲ. ಟ್ಯಾಂಕಿನಲ್ಲಿ ನೀರಿಲ್ಲ ಎಂದು ಇವರು ಎಚ್ಚರಿಸಿದ ಮೇಲೂ ಸ್ವಿಚ್ ಹಾಕಿದವನು ನಾನು.

ಅಪ್ಪ ಹಾಲ್‌ನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅಜ್ಜಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪತ್ರವನ್ನು ಪೇಪರುಗಳ ಮೇಲೆ ಇಟ್ಟೆ. ಅಪ್ಪ ಓದಿದರು. ಕಿವಿ ಕೆಂಪಾಯಿತು.

"ಯಾವ ಕಾಲದ್ದನ್ನೋ ಈಗ ಕೆದಕ್ತೀಯಲ್ಲ! ಟ್ಯಾಂಕ್ ಖಾಲಿ ಮಾಡಿದ್ದು ಅವನೇ ತಾನೇ?"

"ಅಮ್ಮ ಹೇಳಿದ್ದಕ್ಕೆ. ನೀರು ಉಳಿಸೋಣವಾ ಅಂತ ಕೇಳಿದ್ರು ಕೂಡ."

"ನೀರಿಲ್ಲ ಅಂತ ನನಗೆ ಯಾರು ಹೇಳಿದ್ರು?"

"ನಾನು."

"ಆಮೇಲೆ ಬಿಡ್ತು ಅಂದೆಯಲ್ಲ!"

ಬಾಯಿಂದ ಬಿದ್ದ ಮೇಲೆ ಅವರಿಗೇ ಗೊತ್ತಾಯಿತು. ಕೇಳಿಸಲೇ ಇಲ್ಲ ಎನ್ನುತ್ತಿದ್ದವರಿಗೆ ಬಿಡ್ತು ಎಂದದ್ದೂ ನೆನಪಿದೆ. ವೇದಿಕೆಯ ಮೇಲಾಗಿದ್ದರೆ ಅಲ್ಲಿಗೆ ನಾನು ಗೆದ್ದಿದ್ದೆ.

ಅಜ್ಜಿ ಅವರೆಕಾಯಿಯ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದರು. "ಅವಳ ಕೈಲಿ ಬಿಡ್ತು ಅನ್ನಿಸಿದ್ದು ನಾನು ಕಣೋ. ನನ್ನ ಹೆಸರೂ ಹಾಕು ಬೇಕಾದ್ರೆ. ಬಿಡ್ತು ಅಂದ್ರೆ ಕೆಟ್ಟ ಮಾತು ಹೋಗತ್ತೆ, ಟ್ಯಾಂಕಿಗೆ ನೀರು ಬರತ್ತಾ? ನನಗೆ ಅಷ್ಟು ತಿಳೀಲಿಲ್ಲ, ಹಳೇ ಕಾಲದವಳು. ನೀನು ಓದಿದೋನು."

"ನೀನು ಸುಮ್ಮನಿರಮ್ಮ. ಇದನ್ನ ಹಿಡ್ಕೊಂಡು ಅವನು ರುಂಡಾದಲ್ಲಿ ಮನೆ ಮನೆಗೆ ತೋರಿಸ್ತಾನೆ. ಅಲ್ಲಿ ನನ್ನ ಪರಿಚಯದವರಿದ್ದಾರೆ. ಫಿಸಿಕ್ಸ್ ಮೇಷ್ಟ್ರು ಒಣ ಬಾಯ್ಲರಿಗೆ ಸ್ವಿಚ್ ಹಾಕಿದ್ರು ಅಂತ ನಗಬೇಕಾ ಜನ?"

"ಈಗ ಮ್ಜೇನ ನೋಡಿ ನಗ್ತಿಲ್ವಾ ಅಪ್ಪ? ನಮ್ಮ ಮನೆಯಲ್ಲೇ, ಮಜ್ಜಿಗೆ ಅನ್ನದ ಹೊತ್ತಿಗೆ?"

ಅವರು ಕೆಂಪು ಪೆನ್ನನ್ನು ಕೆಳಗಿಟ್ಟರು. ಕಿಟಕಿಯಾಚೆ ಗೇಟು ಕಾಣುತ್ತಿತ್ತು. ಮ್ಜೇ ಕೋಟಿನ ಕಾಲರ್ ಎತ್ತಿಕೊಂಡು, ಒಮ್ಮೆ ಈ ಕಾಲ ಮೇಲೆ, ಒಮ್ಮೆ ಆ ಕಾಲ ಮೇಲೆ ಭಾರ ಹಾಕಿ ನಿಂತಿದ್ದರು. ನಾನು ನೀಲಿ ಪೆನ್ನಿನ ಮುಚ್ಚಳ ತೆಗೆದು ಪತ್ರದ ಪಕ್ಕದಲ್ಲಿಟ್ಟೆ.

"ಅಪ್ಪ, ಅವರು ಚಳಿಯಲ್ಲಿ ನಿಂತಿದ್ದಾರೆ. ಸಹಿ ಹಾಕ್ತೀರೋ, ಇಲ್ವೋ?"